ಗಿರಣಿ ಅಮಾತೆಪ್ಪನ ಚಪ್ಪಲಿ ರಹಸ್ಯ

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ಗಿರಣಿ ಅಮಾತೆಪ್ಪನ ಮನೆ ಎಲ್ಲಿ ಎಂದು ವಿಚಾರಿಸಿದರೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. "ಸುಮ್ನ ನಿಂತು ಕೇಳ್ರಿ" ಅನ್ನುತ್ತಾರೆ, ಅಷ್ಟೇ. ಅದು ಖರೆ ಮಾತು. ಒಂದು ಕ್ಷಣ ಕಿವಿಗೊಟ್ಟರೆ ಸಾಕು, ಹಿಟ್ಟಿನ ಗಿರಣಿಯ ಗಡಗಡ ಕೇಳುತ್ತದೆ, ಅದರ ಮೇಲೆ ಟಿವಿಯ ಸದ್ದು ಕೇಳುತ್ತದೆ, ಎರಡನ್ನೂ ಮೀರಿ ಅಮಾತೆಪ್ಪನ ಅಭಿಪ್ರಾಯ ಕೇಳುತ್ತದೆ.

ಅಮಾತೆಪ್ಪನಿಗೆ ಐವತ್ತು ಇನ್ನೂ ದಾಟಿಲ್ಲ. ಆದರೆ ಇದನ್ನು ಊರಲ್ಲಿ ಯಾರೂ ನಂಬುವುದಿಲ್ಲ. ಮುಂಜಾನೆ ಜಳಕ ಮಾಡಿ ಗಿರಣಿ ಹೊಕ್ಕನೆಂದರೆ ಮೊದಲ ಡಬ್ಬಿ ಜೋಳ ಬೀಸುವುದರೊಳಗೆ ತಲೆ, ಹುಬ್ಬು, ಮೀಸೆ, ಕಿವಿಯೊಳಗಿನ ಕೂದಲು ಸಹಿತ ಬೆಳ್ಳಗಾಗುತ್ತಿದ್ದವು. ಒಮ್ಮೆ ಬಾಗಲಕೋಟೆ ಬಸ್ಸಿನ ಕಂಡಕ್ಟರು "ಮುತ್ಯಾಗ ಜಾಗ ಬಿಡ್ರಿ" ಎಂದು ಯಾರನ್ನೋ ಎಬ್ಬಿಸಿ ಇವನಿಗೆ ಸೀಟು ಕೊಡಿಸಿದ್ದುಂಟು. ಅಮಾತೆಪ್ಪ ನಾಚಿಕೆಯಿಲ್ಲದೆ ಬಾಗಲಕೋಟೆಯ ವಿದ್ಯಾಗಿರಿಯವರೆಗೂ ಕುಳಿತು ಹೋದದ್ದೂ ಉಂಟು.

ಗಿರಣಿಯ ಗೋಡೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಂದು ಟಿವಿ ಇತ್ತು. ಅದರಲ್ಲಿ ಧಾರಾವಾಹಿ ಬರುವಂತಿರಲಿಲ್ಲ, ಸುದ್ದಿ ಬರುವಂತಿರಲಿಲ್ಲ. ಅಮಾತೆಪ್ಪನಿಗೆ ಬೇಕಾದದ್ದು ಗುಡ್ಡ ಹತ್ತಿ ತಿರುಗಿ ಬಾರದವರು, ಅಡವಿಯಲ್ಲಿ ಹಾದಿ ತಪ್ಪಿದವರು, ಹಿಮದಲ್ಲಿ ಮಾಯವಾದವರು. ಯಾವನೋ ಒಬ್ಬ ಹಸಿವು ತಾಳದೆ ಮರದ ಹುಳ ತಿನ್ನುತ್ತಿದ್ದರೆ ಅಮಾತೆಪ್ಪ ಜೋಳದ ಡಬ್ಬಿ ಕೆಳಗಿಟ್ಟು, "ಹೋಗೂ ಮುಂದ ನಾಕು ಕಟಕ ರೊಟ್ಟಿ ಕಟ್ಟಿಕೊಂಡು ಹೋಗಾಕ ಏನಾಗಿತ್ತು ಇವಗ? ತಿಂಗಳಾನುಗಟ್ಟಲೆ ಕೆಡೂದಿಲ್ಲ" ಎನ್ನುತ್ತಿದ್ದ.

ಪಕ್ಕದ ಪಂಕ್ಚರ್ ಅಂಗಡಿಯಿಂದ ಬಾಬುಸಾಬ, "ಬರೀ ರೊಟ್ಟಿ ಹೆಂಗ ತಿಂತಾನಲೇ? ಶೇಂಗಾ ಹಿಂಡಿ ನಿಮ್ಮಪ್ಪ ಕೊಡ್ತಾನ?" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಬಾಬುಸಾಬ ಅಮಾತೆಪ್ಪನ ಜೀವದ ಗೆಳೆಯ. ಆದ್ದರಿಂದ ಅಮಾತೆಪ್ಪ ಏನು ಹೇಳಿದರೂ ಅದಕ್ಕೆ ಉಲ್ಟಾ ಹೇಳುವುದನ್ನು ಬಾಲ್ಯದಿಂದಲೂ ತಪ್ಪಿಸಿರಲಿಲ್ಲ.

ಸಾವಿನ ಬಾಯಿಂದ ಪಾರಾದವರ ಬಗ್ಗೆ ಮಾತಾಡುವ ಅಧಿಕಾರ ತನಗೆ ಖಾಸಾ ಇದೆ ಎಂದು ಅಮಾತೆಪ್ಪ ತಿಳಿದಿದ್ದ. ಮೂರು ವರ್ಷದ ಹಿಂದೆ ಡೆಂಗಿ ಜ್ವರ ಬಂದು ದವಾಖಾನೆಯಲ್ಲಿ ಮಲಗಿದಾಗ ಡಾಕ್ಟರೇ ತಲೆ ಅಲ್ಲಾಡಿಸಿದ್ದರಂತೆ. "ಆದ್ರ ನಾ ಉಳದೆ. ಹೆಂಗ ಉಳದೆ? ಮನೋಬಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ತಟ್ಟಿದ ಜಾಗದಿಂದ ಹಿಟ್ಟು ಹಾರುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ "ಪ್ರಿಯ ವೀಕ್ಷಕರೇ, ನಿಮ್ಮ ಅಭಿಪ್ರಾಯವನ್ನು ನಮಗೆ ಕಳುಹಿಸಿ" ಎಂದು ಒಂದು ನಂಬರ್ ಬರುತ್ತಿತ್ತು. ಅಮಾತೆಪ್ಪ ಪ್ರತಿ ಸಲವೂ ಓಡುತ್ತಿದ್ದ ಗಿರಣಿ ಮುಂದೆ ನಿಂತು ಮೊಬೈಲಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದ. ಒಂದೇ ಒಂದು ಸಲ ಉತ್ತರ ಬಂದಿತ್ತು. "ಹಿಮಕುಸಿತದ ಧ್ವನಿಯನ್ನು ಕಳುಹಿಸಿಕೊಟ್ಟಿದ್ದಕ್ಕೆ ಧನ್ಯವಾದಗಳು" ಎಂದು ಅದರಲ್ಲಿತ್ತು.

ಇಂಥ ಅಮಾತೆಪ್ಪನ ಹೆಂಡತಿ ಸಿದ್ದಲಿಂಗವ್ವ. ಕಡಿಮೆ ಮಾತಿನ ಹೆಣ್ಣುಮಗಳು. ಆ ಮನೆಯಲ್ಲಿ ಮಾತಿಗೆ ಜಾಗವಾದರೂ ಎಲ್ಲಿತ್ತು? ಬಾದಾಮಿ ಹತ್ತಿರದ ಮಹಾಕೂಟದ ದೇವರಿಗೆ ಒಂದು ಹರಕೆ ಹೊತ್ತಿದ್ದಳು. ಗಂಡ ಹೆಂಡತಿ ಜೋಡಿಯಾಗಿ ಶ್ರಾವಣ ಸೋಮವಾರ ಹೋಗಿ ತೀರಿಸಬೇಕಾದ ಹರಕೆ. ಹೋದ ಎರಡು ಶ್ರಾವಣವೂ ಅಮಾತೆಪ್ಪ "ಬರೂ ಸೋಮವಾರ ಹೋಗೂಣು" ಎನ್ನುತ್ತ ತಿಂಗಳು ಕಳೆದಿದ್ದ, ಯಾಕೆಂದರೆ ಒಂದು ಸಲ ಯಾರೋ ಮರುಭೂಮಿಯಲ್ಲಿ ಸಿಕ್ಕಿಬಿದ್ದಿದ್ದರು, ಇನ್ನೊಂದು ಸಲ ದೋಣಿ ಮುಳುಗಿತ್ತು. ಹರಕೆ ಏನು ಎಂದು ಅವನು ಕೇಳಿರಲಿಲ್ಲ. ಹೆಣ್ಣುಮಕ್ಕಳು ಅಂದಮೇಲೆ ಹರಕೆ ಇದ್ದೇ ಇರುತ್ತವೆ ಎಂದುಕೊಂಡು ಸುಮ್ಮನಿದ್ದ.

ಈ ಶ್ರಾವಣದಲ್ಲಿ ಸಿದ್ದಲಿಂಗವ್ವ ಹಿಟ್ಟಿನ ಡಬ್ಬಿಯ ಮೇಲೆ ಕೈಯಿಟ್ಟು ಹೇಳಿದಳು: "ಈ ಸೋಮವಾರ ಬಂದ್ರ ಬಂದ್ರಿ. ಇಲ್ಲಾಂದ್ರ ನಾ ಹುನಗುಂದಕ್ಕ ನಮ್ಮಣ್ಣನ ಮನಿಗೆ ಹೋಗ್ತೇನಿ. ನಿಮ್ಮ ಟಿವಿಯಾಗ ಕಳದಾವ್ರೆಲ್ಲಾ ಸಿಕ್ಕ ಮ್ಯಾಲ ನನ್ನ ಹುಡಿಕ್ಯಾಡಕೋತ ಬರ್ರಿ."

ದನಿ ಏರಿಸದೆ ಹೇಳಿದ್ದಳು. ಅದಕ್ಕೇ ಅಮಾತೆಪ್ಪನಿಗೆ ಹೆದರಿಕೆಯಾಯಿತು. ಬರುತ್ತೇನೆಂದು ದೇವರ ಆಣೆ ಮಾಡಿದ.

ಆದರೆ ಗ್ರಹಚಾರ ನೋಡಿ. ಅದೇ ವಾರ ಟಿವಿಯಲ್ಲಿ "ಹಿಮದ ಗುಟ್ಟು" ಶುರುವಾಗಿತ್ತು. ಹೆಸರು ನಾಲಗೆಗೆ ಹತ್ತದ ಯಾವುದೋ ಪರ್ವತ. ಅದನ್ನು ಹತ್ತಿದ ನಾಲ್ಕು ಮಂದಿ ಮಾಯ. "ಡೇರೆ ಹಾಗೆಯೇ ಇತ್ತು" ಎಂದು ಒಬ್ಬಾಕೆ ಬೆಂಗಳೂರಿನ ನಯವಾದ ಕನ್ನಡದಲ್ಲಿ ಹೇಳುತ್ತಿದ್ದಳು. "ಡೇರೆಯ ಹೊರಗೆ ನಾಲ್ಕು ಜೊತೆ ಬೂಟುಗಳು ಸಾಲಾಗಿದ್ದವು. ಮನುಷ್ಯರು ಮಾತ್ರ ಇರಲಿಲ್ಲ. ಆ ಕೊರೆಯುವ ಚಳಿಯಲ್ಲಿ ಅವರು ಬೂಟುಗಳನ್ನು ಹೊರಗೆ ಬಿಟ್ಟಿದ್ದಾದರೂ ಏಕೆ?"

ಒಬ್ಬ ತಜ್ಞ ಗಾಳಿ ಅಂದ, ಒಬ್ಬ ಕರಡಿ ಅಂದ, ಇನ್ನೊಬ್ಬ ಆಕಾಶದಿಂದ ಬೆಳಕು ಇಳಿಯಿತು ಅಂದ.

ಅಮಾತೆಪ್ಪ ಹಣೆ ಬಡಿದುಕೊಂಡ. "ಇಷ್ಟಕ್ಕ ಇಷ್ಟ ಮಂದಿ ತಲಿ ಕೆಡಿಸ್ಕೋಬೇಕ? ಕಾಲಮರಿ ಹೊರಗ ಬಿಟ್ಟಾರಂದ್ರ ಒಳಗ ದೇವರಿರಬೇಕು, ಇಲ್ಲಾ ಊಟಕ್ಕ ಕುಂತಿರಬೇಕು. ಬೂಟ ಹಾಕ್ಕೊಂಡು ಉಣ್ಣಾಕ ಅದೇನ ಮದುವಿ ಬಫೆ ಏನು?"

"ದೇವರಿಲ್ಲ ದಿಂಡರಿಲ್ಲ" ಎಂದು ಬಾಬುಸಾಬ ಟಯರು ಬಿಟ್ಟು ಎದ್ದುಬಂದ. "ಐದನೇ ಜೋಡು ಒಂದಿತ್ತು. ಅದನ್ನ ಯಾವನೋ ಕದ್ದ. ಕಳ್ಳನ್ನ ಹಿಡ್ಯಾಕ ಎಲ್ಲಾರೂ ಬರಿಗಾಲ್ಲೆ ಓಡ್ಯಾರ. ಗುಡಿ ಮುಂದ, ಮಸೂತಿ ಮುಂದ ದಿನಾ ಆಗೂದ ಇದು."

ಪ್ರಪಂಚದ ಪರ್ವತಾರೋಹಣ ಶಾಸ್ತ್ರ ಹೀಗೆ ಕುಳಗೇರಿ ಕ್ರಾಸಿನಲ್ಲಿ ಎರಡು ಪಂಥವಾಗಿ ಒಡೆಯಿತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರೂ ಎರಡು ಪಾರ್ಟಿಯಾದರು. ಆ ದಿನ ಒಬ್ಬರ ಗೋಧಿ ಇನ್ನೊಬ್ಬರ ಜೋಳದಲ್ಲಿ ಕೂಡಿತು. ಕೊನೆಗೆ ಟಿವಿಯವಳು ಹೇಳಿದಳು: "ಬೂಟುಗಳ ನಿಜವಾದ ರಹಸ್ಯ ಸೋಮವಾರ ಮಧ್ಯಾಹ್ನದ ಅಂತಿಮ ಸಂಚಿಕೆಯಲ್ಲಿ."

ಸೋಮವಾರ. ಅಮಾತೆಪ್ಪ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಅವನಿಗೆಂದು ತಂದಿದ್ದ ಹೊಸ ಹಸಿರು ಅಂಗಿ, ಹೊಸ ಪ್ಯಾಂಟು ಚೀಲಕ್ಕೆ ತುಂಬುತ್ತಿದ್ದಳು. ಧೋತರ, ಟೊಪ್ಪಿಗೆಯ ಮನುಷ್ಯನಿಗೆ ಪ್ಯಾಂಟು ಏಕೆ ಎಂದು ಕೂಡ ಅವನು ಕೇಳಲಿಲ್ಲ. ಅವನ ತಲೆಯಲ್ಲಿ ಬೂಟು ತುಂಬಿದ್ದವು.

ಸೋಮವಾರ ಗಿರಣಿ ಬಂದ್ ಇರುವ ದಿನ. ಆದರೂ ಹೊರಡುವ ಹೊತ್ತಿಗೆ ಯಾರೋ ಪೂಜೆಗೆಂದು ಗೋಧಿ ತಂದರು. ಬೀಸಿಕೊಟ್ಟು, ಬೆಳ್ಳಗಾಗಿಯೇ ಅಮಾತೆಪ್ಪ ಬಾಬುಸಾಬನ ಮೂರು ಗಾಲಿಯ ಟಂಟಂ ಏರಿ ಅವನ ಪಕ್ಕ ಕುಳಿತ. ಇಳಕಲ್ಲ ಸೀರೆ ಉಟ್ಟು ಸಿದ್ದಲಿಂಗವ್ವ ಹಿಂದೆ ಕುಳಿತಳು. ದಾರಿಯುದ್ದಕ್ಕೂ ದೇವರೋ ಕಳ್ಳನೋ ಎಂಬ ವಾದ ನಡೆದೇ ಇತ್ತು.

ಮಹಾಕೂಟದಲ್ಲಿ ಮಂದಿಯೋ ಮಂದಿ. ಗುಡಿಯ ಅಂಗಳದ ಹೊಂಡದ ಹತ್ತಿರ ಸಿದ್ದಲಿಂಗವ್ವ ಚೀಲ ಕೊಟ್ಟು, "ತಲಿ ಸ್ವಚ್ಛ ತಿಕ್ಕೊಂಡು, ಹೊಸಾ ಅಂಗಿ ಹಾಕ್ಕೊಂಡು ಬರ್ರಿ. ನಾ ಪಾಳಿ ಹಿಡೀತೇನಿ, ಜೋಡ್ಲೆ ಒಳಗ ಹೋಗೂಣು" ಎಂದು ಹೋದಳು. ಬಾಬುಸಾಬ ಗಾಡಿ ನಿಲ್ಲಿಸಲು ಹೋಗಿದ್ದ.

ಅಮಾತೆಪ್ಪ ಜಳಕ ಮಾಡಿದ. ತಲೆ ತಿಕ್ಕಿ ತಿಕ್ಕಿ ತೊಳೆದ. ಹಿಟ್ಟೆಲ್ಲ ಹೋಗಿ ಕರ್ರನೆಯ ಕೂದಲು, ಕರ್ರನೆಯ ಮೀಸೆ ಹೊರಗೆ ಬಂದವು. ಹಸಿರು ಅಂಗಿ, ಪ್ಯಾಂಟು ಏರಿಸಿದ. ಚಪ್ಪಲಿಗಳನ್ನು ಗುಡಿಯ ಹೊರಗೆ ಬಿಟ್ಟಿರಲಿಲ್ಲ. ಬಾಬುಸಾಬನ ಕಳ್ಳನ ಮಾತು ತಲೆಯಲ್ಲಿ ಕುಳಿತಿದ್ದರಿಂದ ಧೋತರದ ಚುಂಗಿನಲ್ಲಿ ಸುತ್ತಿ ಒಳಗೇ ತಂದಿದ್ದ. ಅವನ್ನು ಹೊಂಡದ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ, ಧೋತರ ಮಡಿಚಿ ಪಕ್ಕಕ್ಕೆ ಇಟ್ಟ, ಅದರ ಮೇಲೆ ಟೊಪ್ಪಿಗೆ ಇಟ್ಟ. ಪಾಳಿಯ ಕಡೆ ಹೊರಡಬೇಕು ಎನ್ನುವಷ್ಟರಲ್ಲಿ ಬಾಗಿಲಾಚೆಯ ಚಾದಂಗಡಿಯಿಂದ ಒಂದು ಪರಿಚಯದ ದನಿ ತೇಲಿ ಬಂತು. "ಪ್ರಿಯ ವೀಕ್ಷಕರೇ, ಇಂದು ಅಂತಿಮ ಸಂಚಿಕೆ."

ಪಾಳಿ ಉದ್ದ ಇದೆ, ಅರ್ಧ ತಾಸಿನಲ್ಲಿ ಬಂದರಾಯಿತು ಎಂದುಕೊಂಡ. ಮನುಷ್ಯ ಹಾಳಾಗುವುದು ಇಂಥ ಲೆಕ್ಕದಿಂದಲೇ.

ಚಾದಂಗಡಿಯಲ್ಲಿ ಬಜಿಯ ತಟ್ಟೆ ಹಿಡಿದು ಬರಿಗಾಲಲ್ಲಿ ನಿಂತೇ ನೋಡಿದ. ಪರ್ವತ ತೋರಿಸಿದರು, ಡೇರೆ ತೋರಿಸಿದರು, ಜಾಹೀರಾತು ತೋರಿಸಿದರು. ಕಟ್ಟಕಡೆಗೆ ಟಿವಿಯವಳು, "ಹಾಗಾದರೆ ಆ ಬೂಟುಗಳನ್ನು ಹೊರಗೆ ಬಿಟ್ಟಿದ್ದು" ಎಂದಳು, ಕರೆಂಟು ಹೋಯಿತು.

ಅಮಾತೆಪ್ಪನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಕರೆಂಟಿನವರನ್ನು ಬೈಯುತ್ತ ಹೊರಗೆ ಬಂದರೆ ಹೊಂಡದ ಸುತ್ತ ಜನ ಮುಗಿಬಿದ್ದಿದ್ದರು.

"ಏನಾತ್ರಿ?" ಎಂದು ಒಬ್ಬನನ್ನು ಕೇಳಿದ.

"ಯಾರೋ ಮಾಯ ಆಗ್ಯಾನಂತ್ರಿ. ಚಪ್ಲಿ ಸಾಲಾಗಿ ಬಿಟ್ಟಾನ, ಮನಶ್ಯಾ ಇಲ್ಲ."

ಅಮಾತೆಪ್ಪನ ಮೈ ಜುಮ್ಮೆಂದಿತು. ಟಿವಿಯಲ್ಲಿ ಕೈತಪ್ಪಿದ್ದು ಕಣ್ಣೆದುರೇ ಬಂದಿತ್ತು. ಹೆಂಡತಿ, ಪಾಳಿ, ಹರಕೆ ಎಲ್ಲ ಮರೆತು ಮೊಣಕೈಯಿಂದ ದಾರಿ ಮಾಡಿಕೊಂಡು ಒಳನುಗ್ಗಿದ. ಚಪ್ಪಲಿ ಕಾಣಿಸಲಿಲ್ಲ, ಮಂದಿಯ ಬೆನ್ನು ಕಾಣಿಸಿದವು. ಮುಂದೆ ಹವಾಲ್ದಾರ ನಾಗಲಿಂಗ ಲಾಠಿ ಹಿಡಿದು ನಿಂತಿದ್ದ. ಈಜು ಬಲ್ಲವರು ನೀರಿಗೆ ಇಳಿದಿದ್ದರು. ಬಾದಾಮಿಯ ಮೊಬೈಲ್ ಚಾನೆಲ್ಲಿನ ನೇತ್ರಾ ಎಂಬ ಹುಡುಗಿ ಫೋನು ಎತ್ತಿ ಹಿಡಿದು ಸಿಕ್ಕಸಿಕ್ಕವರ ಅಭಿಪ್ರಾಯ ಸಂಗ್ರಹಿಸುತ್ತಿದ್ದಳು.

"ಗುಡಿ ಒಳಗ ಚಪ್ಲಿ ತಂದಾನಂದ್ರ ಅವನ ತಲಿ ಠಿಕಾಣಿಲೆ ಇರಲಿಲ್ಲ" ಎಂದು ಹವಾಲ್ದಾರ ಹೇಳಿದ.

"ಇಲ್ರಿ, ಇಲ್ರಿ" ಎಂದು ಅಮಾತೆಪ್ಪ ಹಿಂದಿನಿಂದಲೇ ತಡೆದ. "ಸಾಲಾಗಿ ಬಿಟ್ಟಾನಲ್ಲ, ಮನಸ್ಸು ಶಾಂತ ಇತ್ತು."

ನೇತ್ರಾಳ ಫೋನು ಅವನ ಕಡೆ ತಿರುಗಿತು. "ವೀಕ್ಷಕರೇ, ಪ್ರತ್ಯಕ್ಷದರ್ಶಿಯೊಬ್ಬರು ನಮ್ಮೊಂದಿಗಿದ್ದಾರೆ" ಎಂದು ಟಿವಿ ಕನ್ನಡದಲ್ಲಿ ಹೇಳಿ, "ಹೇಳ್ರಿ ಕಾಕಾ, ನಿಮಗೇನನಸ್ತೈತಿ?" ಎಂದು ಬಾದಾಮಿ ಕನ್ನಡದಲ್ಲಿ ಕೇಳಿದಳು.

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. ಹಿಂದೆ ಗಿರಣಿಯ ಸದ್ದೂ ಇರಲಿಲ್ಲ. ಅಮಾತೆಪ್ಪ ಗಂಟಲು ಸರಿಮಾಡಿಕೊಂಡ. "ನಾ ಇಂಥಾವು ಭಾಳ ನೋಡೇನಿ. ಮೊದಲ ಮಾತು, ಆ ಮನಶ್ಯಾಗ ವಯಸ್ಸೆಷ್ಟು?"

"ಎಪ್ಪತ್ತರ ಮ್ಯಾಲ ಅಂತಾರ ನೋಡಿದಾವ್ರು" ಎಂದ ಹವಾಲ್ದಾರ. "ತಲಿ, ಹುಬ್ಬು, ಮೀಸಿ ಎಲ್ಲಾ ಬೆಳ್ಳಗಂತ."

"ಪಾಪ, ಮುದುಕ. ಹಂಗಾದ್ರ ಇದು ಹೆಂಡತಿ ಕಾಟದ ಕೇಸ ಕಾಣ್ತೈತಿ. ಈ ವಯಸ್ಸಿನ್ಯಾಗ ಗಂಡಸು ಹೊಂಡಕ್ಕ ಬೀಳೂದು ಅದಕ್ಕ. ಮನ್ಯಾಗ ಒಂದು ಮಾತ ಕೇಳಿಸಿಕೊಳ್ಳಾವ್ರು ಇರಂಗಿಲ್ಲ ನೋಡ್ರಿ."

ಸುತ್ತಲಿದ್ದ ಗಂಡಸರು ತಲೆದೂಗಿದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಳುವ ದನಿ ಕೇಳಿತು. "ಯಾ ಅಲ್ಲಾ, ನಮ್ಮ ಗಿರಣಿ ಅಮಾತೆಪ್ಪನ್ನ ಹುಡುಕಿ ಕೊಡ್ರೆಪಾ."

ಬಾಬುಸಾಬ. ಕುತ್ತಿಗೆಯವರೆಗೆ ಒದ್ದೆಯಾಗಿದ್ದ. ಅವನೂ ನೀರಿಗೆ ಇಳಿದು ಬಂದಿದ್ದ, ಅವನಿಗೆ ಈಜು ಬರುವುದಿಲ್ಲ.

ಮಾಯವಾದ ಮುದುಕ ತಾನೇ ಎಂದು ಅಮಾತೆಪ್ಪನಿಗೆ ಆಗ ತಿಳಿಯಿತು. ನಾನು ಇಲ್ಲಿದ್ದೇನೆ ಎಂದು ಕೂಗಲು ಬಾಯಿ ತೆರೆದ. ಅದೇ ಗಳಿಗೆಗೆ ಬಾಬುಸಾಬ ನೇತ್ರಾಳ ಫೋನಿನ ಮುಂದೆ, "ಅಂವ ಹೇಳಿದ್ದ ಖರೆ ಇತ್ತವ್ವಾ. ಆ ಬೂಟಿನ ವಿಷಯ. ನಾ ಸುಮ್ನ ಹಠಕ್ಕ ಬಿದ್ದು ವಾದಾ ಮಾಡಿದೆ" ಎನ್ನತೊಡಗಿದ. ಬಾಲ್ಯದಿಂದ ಕಾದಿದ್ದ ಮಾತು. ಅಮಾತೆಪ್ಪ ತೆರೆದ ಬಾಯಿ ಮುಚ್ಚಿ, ಇದೊಂದು ಪೂರ್ತಿ ಆಗಲಿ ಎಂದು ನಿಂತ. ಇಂಥ ಹೊತ್ತಿನಲ್ಲೂ ಹಾಗೆ ನಿಲ್ಲಬಲ್ಲ ಮನುಷ್ಯ ಅವನು.

ಜನ ತಾವಾಗಿ ಸರಿದು ದಾರಿ ಬಿಟ್ಟರು. ಸಿದ್ದಲಿಂಗವ್ವ ಪಾಳಿ ಬಿಟ್ಟು ಬಂದಳು. ಮೆಟ್ಟಿಲ ಮೇಲಿದ್ದ ಚಪ್ಪಲಿ ನೋಡಿದಳು, ಧೋತರ ನೋಡಿದಳು. ಅಲ್ಲೇ ಕುಸಿದು ಕುಳಿತು ಟೊಪ್ಪಿಗೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಅದರಿಂದ ಹಿಟ್ಟು ಉದುರಿ ಇಳಕಲ್ಲ ಸೀರೆಯ ಮೇಲೆ ಬಿತ್ತು. ಅದನ್ನು ಅವಳು ಕೊಡವಲಿಲ್ಲ. ನೇತ್ರಾ ಫೋನು ಕೆಳಗೆ ಇಳಿಸಿದಳು.

ಇಂಥ ದುಃಖ ತನಗಾಗಿ ಒಬ್ಬರು ಪಡಬಹುದು ಎಂದು ಅಮಾತೆಪ್ಪನಿಗೆ ಗೊತ್ತೇ ಇರಲಿಲ್ಲ. "ಏ, ನಾ ಇಲ್ಲೇ ಅದೇನಿ" ಎಂದು ಕೂಗಿಕೊಂಡು ಮುಂದೆ ನುಗ್ಗಿದ.

ಹವಾಲ್ದಾರ ಲಾಠಿ ಅಡ್ಡ ಹಿಡಿದ. "ನೀವ್ಯಾರ್ರಿ?"

"ನಾನ ಅಮಾತೆಪ್ಪ."

"ನಿಮ್ಮ ಅಭಿಪ್ರಾಯ ಆಗಲೇ ಹೇಳೀರಿ. ಹಿಂದ ಸರೀರಿ."

"ಇದು ಅಭಿಪ್ರಾಯ ಅಲ್ಲೋ ಮಾರಾಯಾ, ನಾನ ಅಮಾತೆಪ್ಪ. ಬಾಬ್ಯಾ, ನೀನಾರ ಹೇಳಲೇ."

ಬಾಬುಸಾಬ ಒದ್ದೆ ಕಣ್ಣು ಒರೆಸಿಕೊಂಡು ಕರ್ರಗಿನ ಮೀಸೆಯನ್ನೂ, ಹಸಿರು ಅಂಗಿಯನ್ನೂ, ಪ್ಯಾಂಟನ್ನೂ ಮೇಲಿಂದ ಕೆಳಗೆ ನೋಡಿದ. "ದನಿ ಅವಂದ ಐತ್ರಿ" ಎಂದ. "ಆದ್ರ ಮಾರಿ ಅವಂದಲ್ಲ. ನಮ್ಮ ಅಮಾತೆಪ್ಪ ಹಣ್ಣಾದ ಮನಶ್ಯಾ. ಯಾರೋ ದನಿ ತಗದು ಚ್ಯಾಷ್ಟಿ ಮಾಡಾಕತ್ಯಾನ."

ಜನ ಹೂಂಗುಟ್ಟಿದರು. ಸತ್ತವರ ಹೆಸರು ಹೇಳಿಕೊಂಡು ಬರುವವರು ಈಚೆಗೆ ಹೆಚ್ಚಾಗಿದ್ದಾರೆ ಎಂದು ಒಬ್ಬರು ಹೇಳಿದರು. ಯಾವುದಕ್ಕೂ ಆಧಾರ್ ಕಾರ್ಡ್ ತೋರಿಸಲಿ ಎಂದು ಇನ್ನೊಬ್ಬರು ಹೇಳಿದರು. ಅಮಾತೆಪ್ಪ ಲಾಠಿಯ ಕೆಳಗಿನಿಂದ ಬಾಗಿ, ಮೆಟ್ಟಿಲ ಮೇಲಿದ್ದ ಧೋತರದ ಗಂಟಿನಿಂದ ಕಾರ್ಡ್ ತೆಗೆದು ಕೊಟ್ಟ. ಹವಾಲ್ದಾರ ಅದರಲ್ಲಿನ ಫೋಟೋ ನೋಡಿ, "ಇದರಾಗ ಮುದುಕ ಅದಾನ" ಎಂದ. ಫೋಟೋ ತೆಗೆಸುವ ದಿನವೂ ಅಮಾತೆಪ್ಪ ಗಿರಣಿಯಿಂದ ಎದ್ದು ಹೋಗಿದ್ದ.

"ಇವ್ರು ಬರೀ ಪ್ರೇಕ್ಷಕರು ರೀ, ನನ್ನ ಹತ್ರ ವಿಡಿಯೋ ಐತಿ" ಎಂದು ನೇತ್ರಾ ಸಾಕ್ಷಿ ನುಡಿದು ಫೋನು ಹಚ್ಚಿದಳು. ಅದರಿಂದ ಅಮಾತೆಪ್ಪನ ದನಿ ಸ್ಪಷ್ಟವಾಗಿ ಹೊರಟಿತು. "ಹಂಗಾದ್ರ ಇದು ಹೆಂಡತಿ ಕಾಟದ ಕೇಸ ಕಾಣ್ತೈತಿ."

ಸಿದ್ದಲಿಂಗವ್ವ ತಲೆ ಎತ್ತಿದಳು.

ಮೊದಲು ಫೋನಿನ ಕಡೆ ನೋಡಿದಳು, ಆಮೇಲೆ ಹಸಿರು ಅಂಗಿಯ ಕಡೆ ನೋಡಿದಳು. ಅವಳ ಮುಖಕ್ಕೆ ಜೀವ ಬಂತು, ಹಿಂದೆಯೇ ಸಿಟ್ಟೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಹೇಳವ್ವಾ, ಇಂವ ನಿನ್ನ ಗಂಡ ಹೌದೋ ಅಲ್ಲೋ?" ಎಂದು ಹವಾಲ್ದಾರ ಕೇಳಿದ.

"ಒಂದು ಮಾತು ಕೇಳ್ತೇನ್ರಿ ಸಾಹೇಬ್ರ. ನಮ್ಮವರಾಗಿದ್ರ ಹೇಳ್ತಾರ. ನಾ ಈ ಮಹಾಕೂಟಪ್ಪಗ ಹೊತ್ತ ಹರಕಿ ಏನು?"

ನೀರಿನಲ್ಲಿದ್ದವರೂ ಮೆಟ್ಟಿಲು ಹಿಡಿದು ಕಿವಿ ನಿಮಿರಿಸಿದರು. ಯಾವ ಪರ್ವತದ ಮೇಲೆ ಯಾರು ಯಾಕೆ ಸತ್ತರೆಂಬ ಬಗ್ಗೆ ಅಮಾತೆಪ್ಪನ ಹತ್ತಿರ ಅಭಿಪ್ರಾಯವಿತ್ತು. ಇದರ ಬಗ್ಗೆ ಇರಲಿಲ್ಲ.

"ಗೊತ್ತಿಲ್ಲ ಇಂವಗ" ಎಂದು ಬಾಬುಸಾಬ ಮತ್ತೆ ಅಳತೊಡಗಿದ. "ಇಂವ ನಮ್ಮಾಂವಲ್ಲ." ಹವಾಲ್ದಾರ ಅಮಾತೆಪ್ಪನ ರಟ್ಟೆ ಹಿಡಿದ.

"ತಡೀರಿ" ಎಂದ ಅಮಾತೆಪ್ಪ. ಗಿರಣಿಯ ಮೇಲೆ ಕೂಗಿ ರೂಢಿಯಾದ ದನಿ ಸಣ್ಣದಾಗಿತ್ತು. ಯಾವಾಗಲೂ ಏ, ಇಕಿನ ಎಂದು ಕರೆಯುತ್ತಿದ್ದವನು ಹೆಸರು ಹಿಡಿದ. "ಸಿದ್ದಲಿಂಗವ್ವ, ನನಗ ಗೊತ್ತಿಲ್ಲ. ನಾ ಎಂದೂ ಕೇಳಲಿಲ್ಲ. ಈಗ ಕೇಳ್ತೇನಿ. ಏನ ಬೇಡ್ಕೊಂಡಿದ್ದಿ?"

ಅವಳು ಟೊಪ್ಪಿಗೆಯನ್ನು ಕೈಯಲ್ಲಿ ಮಡಚಿದಳು. "ನೀವು ದವಾಖಾನ್ಯಾಗ ಇದ್ರಿ" ಎಂದಳು. "ಡಾಕ್ಟ್ರು ಆಸೆ ಬಿಡ್ರಿ ಅಂದ್ರು. ನಾ ಕಿಡಕಿ ಹತ್ರ ನಿಂತು ಈ ದೇವರಿಗೆ ಅಂದೆ, ಎಪ್ಪಾ, ಇವರನ್ನ ಉಳಿಸು. ಉಳಿಸಿದ್ರ ಜಳಕ ಮಾಡ್ಸಿ, ತಲಿ ತೊಳಸಿ, ಹೊಸಾ ಅಂಗಿ ಹಾಕ್ಸಿ, ಹಿಟ್ಟಿಲ್ಲದ ಮಾರಿ ನಿನ್ನ ಮುಂದ ತಂದು ತೋರಸ್ತೇನಿ. ಉಳಿಸಿದ್ದು ಯಾರ್ನ ಅಂತ ನಿನಗಾರ ಗುರ್ತ ಸಿಗ್ಲಿ."

ಅಮಾತೆಪ್ಪ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮನೋಬಲ ಆ ಮೆಟ್ಟಿಲ ಮೇಲೆ ಚೂರೂ ಉಳಿಯದೆ ಕರಗಿತು. ಮೂರು ವರ್ಷ ಮಂದಿಗೆ ಹೇಳಿದ ಕಥೆಯ ನಿಜವಾದ ಅಂತಿಮ ಸಂಚಿಕೆಯನ್ನು ಅವನು ಅಲ್ಲಿ ನಿಂತು ಕೇಳಿದ. ಕಣ್ಣು ತುಂಬಿ ಬಂದವು, ಮರೆಮಾಚಲು ಮುಖದ ಮೇಲೆ ಹಿಟ್ಟೂ ಇರಲಿಲ್ಲ.

"ಇವರ ನಮ್ಮವರು, ಬಿಡ್ರಿ" ಎಂದಳು ಸಿದ್ದಲಿಂಗವ್ವ. ಹವಾಲ್ದಾರ ರಟ್ಟೆ ಬಿಟ್ಟು, ಚಪ್ಪಲಿ ಎತ್ತಿ, "ಮೊದಲ ಇವನ್ನ ಹೊರಗ ಇಡಸ್ತೇನಿ. ಗುಡಿ ಒಳಗ ಚಪ್ಲಿ ತಂದದ್ದಕ್ಕ ಇಷ್ಟೆಲ್ಲಾ ಆಗಿದ್ದು" ಎಂದ.

ನೇತ್ರಾ ಓಡಿ ಬಂದಳು. "ಕಾಕಾ, ಕೊನಿಗೊಂದು ಅಭಿಪ್ರಾಯ ಹೇಳ್ರಿ."

ಅಮಾತೆಪ್ಪ ಹೆಂಡತಿಯ ಕಡೆ ನೋಡಿದ. "ಇಕಿನ್ನ ಕೇಳ್ರಿ" ಎಂದ.

"ಪಾಳಿ ತಪ್ಪೇತಿ, ಮತ್ತ ಹಿಂದಿಂದ ನಿಲ್ಲಬೇಕು, ನಡೀರಿ" ಎಂದಳು ಅವಳು. ಅದು ಹಾಗೆಯೇ ಚಾನೆಲ್ಲಿನಲ್ಲಿ ಹೋಯಿತು.

ದರ್ಶನ ಆಯಿತು. ದೇವರು ಹಿಟ್ಟಿಲ್ಲದ ಮುಖವನ್ನು ಸಾವಕಾಶ ನೋಡಿಕೊಳ್ಳಲಿ ಎಂದು ಸಿದ್ದಲಿಂಗವ್ವ ಗಂಡನ ಗದ್ದ ಹಿಡಿದು ತುಸು ಎತ್ತಿ ನಿಲ್ಲಿಸಿದಳಂತೆ. ಹೊರಗೆ ಬಂದು ನೋಡಿದರೆ ಹವಾಲ್ದಾರ ಇಡಿಸಿದ ಜಾಗದಲ್ಲಿ ಚಪ್ಪಲಿ ಇರಲಿಲ್ಲ.

ಬಾಬುಸಾಬನ ಮುಖ 'ನಾ ಹೇಳಲಿಲ್ಲೇನು?' ಎಂದು ಅರಳಿತು. ಕ್ಯಾಮರಾದ ಮುಂದೆ ಸೋಲೊಪ್ಪಿಕೊಂಡದ್ದು ನೆನಪಾಗಿ ಬಾಡಿತು.

"ಹೋಗ್ಲಿ ಬಿಡ್ರಿ" ಎಂದಳು ಸಿದ್ದಲಿಂಗವ್ವ. "ಗುಡಿ ಮುಂದ ಚಪ್ಲಿ ಹೋದ್ರ ಪೀಡಾ ಹೋದಂಗ."

ಟಂಟಂ ಕುಳಗೇರಿ ಕಡೆ ಹೊರಟಿತು. ಅಮಾತೆಪ್ಪ ಬರಿಗಾಲು ಮಡಿಚಿ ಈ ಸಲ ಹಿಂದೆ, ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದ. ಪಕ್ಕದ ಸೀಟು ಖಾಲಿ ಕಂಡು ಬಾಬುಸಾಬನಿಗೇ ಹೆದರಿಕೆಯಾಗಿ ಎರಡು ಸಲ ತಿರುಗಿ ನೋಡಿದ.

"ಬಾಬ್ಯಾ" ಎಂದ ಅಮಾತೆಪ್ಪ ಕೊನೆಗೆ. "ಆ ಗುಡ್ಡದಾಗ ಕಳದಾವ್ರಿಗೆ ಮನ್ಯಾಗ ಹರಕಿ ಹೊತ್ತಾವ್ರು ಯಾರೂ ಇರಲಿಲ್ಲ ಕಾಣ್ತೈತಿ ನೋಡು."

ಸಿದ್ದಲಿಂಗವ್ವ ಸೆರಗಿನ ಮೇಲಿನ ಹಿಟ್ಟನ್ನು ಈಗ ಮೆಲ್ಲಗೆ ಕೊಡವಿದಳು. ಬಾಬುಸಾಬ ಮುಂದಿನ ತಿರುವು ಬರುವವರೆಗೂ ಆ ಮಾತನ್ನು ಯೋಚಿಸಿದ. ಒಪ್ಪಿಕೊಳ್ಳುವ ಮನಸ್ಸಾಗಿತ್ತು, ಆದರೆ ಒಂದೇ ದಿನ ಎರಡು ಸಲ ಒಪ್ಪಿಕೊಳ್ಳುವುದು ಅವನಿಂದ ಆಗಲಿಲ್ಲ.

"ಹೊತ್ತಿರ್ತಾರಲೇ" ಎಂದ. "ಆದ್ರ ಆ ಥಂಡ್ಯಾಗ ಜಳಕ ಯಾವ ಗಂಡಸ ಮಾಡ್ತಾನ?"